ವಾರಕ್ಕೆ ಎರಡೇ ಸಲ ಸ್ನಾನ: ಅಮ್ಮನನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲವೇ?

ಪ್ರಶ್ನೆ: ನನ್ನ ಅಮ್ಮನಿಗೆ 82 ವರ್ಷ. ಊರು ಬಂಟ್ವಾಳದ ಕಡೆ, ಮನೆಮಾತು ತುಳು. ಮರೆವಿನ ಕಾಯಿಲೆ ಇದೆ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಕೂಡ. ಮಕ್ಕಳಿಬ್ಬರೂ ಹೊರಗಿರುವುದರಿಂದ ಕಳೆದ ವರ್ಷ ಮಂಗಳೂರಿನ ಒಂದು ಆರೈಕೆ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ವಾರಕ್ಕೆ ಎರಡೇ ಸಲ ಸ್ನಾನ, ಅದೂ ಬೆಳಗ್ಗೆ ಆರಕ್ಕೆ. ಉಳಿದ ದಿನ ಮೈ ಒರೆಸುತ್ತಾರೆ. ಜೀವನಪೂರ್ತಿ ದಿನಾ ಸಂಜೆ ತೋಟದಿಂದ ಬಂದು ಹಂಡೆ ನೀರಲ್ಲಿ ಮೀಯುತ್ತಿದ್ದವರು ಅವರು. ಈಗ ಸ್ನಾನ ಅಂದರೆ ಬೊಬ್ಬೆ ಹಾಕುತ್ತಾರಂತೆ, ಮೊನ್ನೆ ಆಯಾಗೆ ಹೊಡೆದರಂತೆ. "ಮೊದಲೇ ಒಂದು ಸಣ್ಣ ಮಾತ್ರೆ ಕೊಟ್ಟರೆ ಸುಲಭ ಆಗುತ್ತದೆ" ಎಂದು ಅಲ್ಲಿನವರು ಒಪ್ಪಿಗೆ ಕೇಳುತ್ತಿದ್ದಾರೆ. ಕಾಲು, ಬೆನ್ನು ಒಣಗಿ ತುರಿಕೆಯಿದೆ. ನೀರಿಗೆ ಡೆಟಾಲ್ ಹಾಕಿಸು, ವಾರಕ್ಕೊಮ್ಮೆ ಎಣ್ಣೆಸ್ನಾನ ಮಾಡಿಸು ಅನ್ನುತ್ತಾಳೆ ತಂಗಿ. ತಲೆಗೆ ನೀರು ಹಾಕಿದರೆ ಶೀತವಾಗಿ ಎದೆಗೆ ಕಟ್ಟುತ್ತದೆ ಅನ್ನುತ್ತಾರೆ ಚಿಕ್ಕಮ್ಮ. ನಾವು ಕೇಂದ್ರದವರ ಹತ್ತಿರ ಜಗಳ ಮಾಡಬೇಕಾ, ಬೇರೆ ಕಡೆ ನೋಡಬೇಕಾ, ಅಥವಾ ಮನೆಗೇ ಕರೆದುಕೊಂಡು ಬರಬೇಕಾ?

ಉತ್ತರ: ನೀವು ಕೇಳಿದ್ದು ನಾಲ್ಕೈದು ಪ್ರಶ್ನೆ. ಆದರೆ ಅವುಗಳ ಅಡಿಯಲ್ಲಿರುವ ಸಂಕಟ ಒಂದೇ ಅಲ್ವಾ? ತಿಂಗಳು ತಿಂಗಳು ದುಡ್ಡು ಕೊಟ್ಟೂ ಅಮ್ಮನನ್ನು ಕೊಳಕಾಗಿ ಇಟ್ಟಿದ್ದಾರೋ ಏನೋ ಎಂಬುದು. ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ವಾರಕ್ಕೆ ಎರಡೇ ಸಲ ಎಂಬ ಒಂದೇ ಕಾರಣಕ್ಕೆ ಅದನ್ನು ನಿರ್ಲಕ್ಷ್ಯ ಅನ್ನಲಿಕ್ಕಾಗುವುದಿಲ್ಲ. ನಾನು ವೃದ್ಧರ ಆರೈಕೆಯ ನರ್ಸ್. ದಿನಾ ಸ್ನಾನ ಮಾಡಿಸುವ ಕಡೆ ಬೆನ್ನಲ್ಲಿ ಹುಣ್ಣು ನೋಡಿದ್ದೇನೆ, ವಾರಕ್ಕೆರಡು ಸಲ ಮಾಡಿಸುವ ಕಡೆ ಚಂದದ ಚರ್ಮವನ್ನೂ ನೋಡಿದ್ದೇನೆ. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಬೇರೆ ಎರಡು ಸಂಗತಿ: ಬೆಳಗ್ಗೆ ಆರು ಗಂಟೆ, ಮತ್ತು ಆ ಮಾತ್ರೆ.

ಮೊದಲು ಲೆಕ್ಕದ ವಿಷಯ ಮುಗಿಸೋಣ. ವಯಸ್ಸಾದಂತೆ ಚರ್ಮ ತೆಳುವಾಗುತ್ತದೆ. ಅದರ ಎಣ್ಣೆಯ ಅಂಶ ಕಡಿಮೆಯಾಗುತ್ತದೆ, ಬೆವರೂ ಮೊದಲಿನಷ್ಟು ಬರುವುದಿಲ್ಲ. ಆರೋಗ್ಯವಾದ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಪಿಎಚ್ (ಹುಳಿ, ಕ್ಷಾರ ಅಳೆಯುವ ಲೆಕ್ಕ) 5ರ ಆಸುಪಾಸು. ಮಾಮೂಲಿ ಸಾಬೂನಿನದ್ದು 9ರಿಂದ 10. ದಿನಾ ಬಿಸಿಬಿಸಿ ನೀರು, ಜೊತೆಗೆ ಮೈತುಂಬಾ ಸಾಬೂನು ಅಂದರೆ ಉಳಿದಿರುವ ಸ್ವಲ್ಪ ಎಣ್ಣೆಯೂ ತೊಳೆದು ಹೋಗುತ್ತದೆ. ಚರ್ಮ ಒಣಗಿ ಬಿರಿಯುತ್ತದೆ, ತುರಿಸುತ್ತದೆ, ಕೆರೆದಾಗ ಗಾಯ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ಗಾಯ ಬೇಗ ವಾಸಿಯಾಗುವುದಿಲ್ಲ. ಹಾಗಾಗಿ ಹೆಚ್ಚಿನ ವೃದ್ಧರಿಗೆ ವಾರಕ್ಕೆ ಎರಡು ಮೂರು ಪೂರ್ಣ ಸ್ನಾನ ಸಾಕು. ಆದರೆ ಮುಖ, ಕಂಕುಳು, ಎದೆಯ ಕೆಳಗಿನ ಮಡಿಕೆ, ತೊಡೆಸಂದು, ಮಲಮೂತ್ರದ ಜಾಗ, ಪಾದ ಇವನ್ನು ದಿನಾ ತೊಳೆಯಲೇಬೇಕು. ಇದಕ್ಕೆ ರಜೆ ಇಲ್ಲ.

ಒಂದು ತಕರಾರು ಮಾತ್ರ ನನ್ನದಿದೆ. ಈ ಎರಡು ಮೂರರ ಲೆಕ್ಕ ಪುಸ್ತಕಗಳಲ್ಲಿ ಬರುವುದು ಹೆಚ್ಚಾಗಿ ಚಳಿ ದೇಶಗಳ ನರ್ಸಿಂಗ್ ಹೋಮ್‌ಗಳನ್ನು ನೋಡಿ. ಏಪ್ರಿಲ್, ಮೇ ತಿಂಗಳ ಮಂಗಳೂರಿಗೆ ಅದನ್ನು ಹಾಗೇ ತಂದು ಕೂರಿಸುವುದು ಸರಿಯಲ್ಲ. ಇಲ್ಲಿ ಮಲಗಿದಲ್ಲೇ ಬೆನ್ನು ಒದ್ದೆಯಾಗುತ್ತದೆ. ಆ ಸೆಕೆಗೆ ಸಂಜೆ ಎರಡು ಚೊಂಬು ಉಗುರುಬೆಚ್ಚಗಿನ ನೀರು, ಸಾಬೂನಿಲ್ಲದೆ, ದಿನಾ ಹಾಕಿದರೂ ನಷ್ಟವಿಲ್ಲ. ಮಳೆಗಾಲದ ಕಥೆ ಬೇರೆ. ಬಟ್ಟೆ ಒಣಗುವುದಿಲ್ಲ, ಅರೆ ಒದ್ದೆ ಒಳಬಟ್ಟೆ ಹಾಕುತ್ತಾರೆ, ಮಡಿಕೆಗಳಲ್ಲಿ ಕೆಂಪಗಾಗಿ ಫಂಗಸ್ ಹಿಡಿಯುತ್ತದೆ. ಆಗ ಬೇಕಾದದ್ದು ಹೆಚ್ಚು ನೀರಲ್ಲ, ಚೆನ್ನಾಗಿ ಒರೆಸಿ ಒಣಗಿಸುವುದು. ಪೌಡರ್ ಸುರಿದರೆ ಅದು ಬೆವರಿನಲ್ಲಿ ಕಲಸಿ ಗಂಟುಗಟ್ಟುತ್ತದೆ, ಇನ್ನಷ್ಟು ಉಜ್ಜುತ್ತದೆ. ಮೆಡಿಕಲ್‌ನಿಂದ ಸುಮ್ನೆ ಕೇಳಿ ತರುವ ತುರಿಕೆಯ ಮುಲಾಮುಗಳಲ್ಲಿ ಎಷ್ಟೋ ಸಲ ಸ್ಟೆರಾಯ್ಡ್ ಬೆರೆತಿರುತ್ತದೆ. ನಾಲ್ಕು ದಿನ ಕಡಿಮೆಯಾದ ಹಾಗೆ ಕಾಣುತ್ತದೆ, ಆಮೇಲೆ ಹರಡುತ್ತದೆ. ಅದು ಬೇಡ, ಚರ್ಮದ ಡಾಕ್ಟರಿಗೆ ತೋರಿಸಿ.

ಇನ್ನು ಬೇಸಗೆಯಲ್ಲಿ ನೀರಿನ ಪ್ರಶ್ನೆಯೂ ಇದೆ. 2019ರಲ್ಲಿ ಮಂಗಳೂರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಗರಕ್ಕೆ ಸರದಿಯ ಮೇಲೆ ನೀರು ಬಿಟ್ಟದ್ದು ನಿಮಗೂ ನೆನಪಿರಬಹುದು. ನಲ್ಲಿ ನಿಂತು ಟ್ಯಾಂಕರ್ ಶುರುವಾದರೆ ಎಲ್ಲ ಕಡೆ ಮೊದಲು ಕತ್ತರಿ ಬೀಳುವುದು ಸ್ನಾನಕ್ಕೆ. ನಿಮ್ಮ ಕೇಂದ್ರದಲ್ಲಿ ಆಗ ಏನು ಮಾಡುತ್ತಾರೆ ಎಂದು ಕೇಳಿಟ್ಟುಕೊಳ್ಳಿ.

ಈಗ ಬೊಬ್ಬೆಯ ವಿಷಯ. "ಹಠ", "ಕೋಪ", "ಸ್ವಭಾವವೇ ಹಾಗೆ" ಎಂದೆಲ್ಲ ಕೇಂದ್ರಗಳ ಡೈರಿಯಲ್ಲಿ ಬರೆದಿರುತ್ತಾರೆ. ಮರೆವಿನ ಕಾಯಿಲೆ ಇದ್ದವರ ಕಡೆಯಿಂದ ನೋಡಿ. ಬೆಳಗ್ಗೆ ಆರಕ್ಕೆ, ಇನ್ನೂ ನಿದ್ದೆಯ ಮಂಪರಿನಲ್ಲಿರುವಾಗ, ಗುರುತು ಸಿಗದ ಒಬ್ಬರು ಬಂದು ಅರ್ಥವಾಗದ ಮಾತಿನಲ್ಲಿ ಏನೋ ಹೇಳಿ ಬಟ್ಟೆಗೆ ಕೈ ಹಾಕುತ್ತಾರೆ. ಎಬ್ಬಿಸಿ ನಡೆಸುವಾಗ ಮೊಣಕಾಲು ಕಟ್ಟಿಕೊಂಡಿರುತ್ತದೆ. ಮುಂದೆ ಬಿಳಿ ಟೈಲ್ಸ್‌ನ ಹೊಳೆಯುವ ಕೋಣೆ. ಈ ಕಾಯಿಲೆಯಲ್ಲಿ ಕಣ್ಣು ಸರಿಯಿದ್ದರೂ ಆಳದ ಅಂದಾಜು ತಪ್ಪುತ್ತದೆ, ಒದ್ದೆ ನೆಲ ಗುಂಡಿಯ ಹಾಗೆ ಕಾಣಬಹುದು. ಕನ್ನಡಿಯಲ್ಲಿ ಯಾರೋ ಬೇರೆಯವರು ನೋಡುತ್ತಿದ್ದಾರೆ. ಅಷ್ಟರಲ್ಲಿ ಮೇಲಿನಿಂದ ಶವರ್ ಬಿಡುತ್ತಾರೆ. ನೀವಾದರೂ ಹೊಡೆಯುತ್ತಿದ್ದಿರಿ.

ನಮ್ಮ ಕರಾವಳಿಯ ಅಜ್ಜಿಯಂದಿರ ವಿಷಯದಲ್ಲಿ ಮಾನದ ಪ್ರಶ್ನೆ ದೊಡ್ಡದು. ಒಳಲಂಗ ಎದೆಗೆ ಎತ್ತಿ ಕಟ್ಟಿಕೊಂಡೋ, ಬೈರಾಸು (ತೆಳು ಟವೆಲ್) ಸುತ್ತಿಕೊಂಡೋ ಮೀಯುತ್ತಿದ್ದವರು ಅವರು. ಗಂಡನ ಎದುರೂ ಬತ್ತಲಾಗಿ ನಿಂತವರಲ್ಲ. ಅಂಥವರನ್ನು ಪೂರ್ತಿ ಬಟ್ಟೆ ಬಿಚ್ಚಿಸಿ ಕುರ್ಚಿಯಲ್ಲಿ ಕೂರಿಸುವುದು ಶಿಕ್ಷೆಯ ಹಾಗೆಯೇ. ಲಂಗದ ಮೇಲೆಯೇ ನೀರು ಹಾಕಿ, ಒಳಗಿನಿಂದ ಕೈಹಾಕಿ ತೊಳೆದು, ಒಣ ಬಟ್ಟೆ ಹೊದಿಸಿದ ಮೇಲೆ ಒದ್ದೆಯದನ್ನು ಕೆಳಗಿನಿಂದ ಎಳೆದುಕೊಂಡರೆ ಆಯಿತು. ಎರಡು ನಿಮಿಷ ಜಾಸ್ತಿ ಬೇಕಾಗಬಹುದು. ಹೆಂಗಸರಿಗೆ ಹೆಂಗಸರೇ ಸ್ನಾನ ಮಾಡಿಸಬೇಕು ಎಂಬುದನ್ನು ನೀವು ಕೇಳಿಯೇ ಪಡೆಯಬೇಕು. ಕರಿಮಣಿ, ಬಳೆ ಏನೇ ಇರಲಿ, ತೆಗೆಯುವ ಮೊದಲು ಅವರನ್ನು ಕೇಳಬೇಕು. ತೊಳೆಯಲು ಸುಲಭ ಎಂದು ಕೂದಲನ್ನು ಕೇಳದೆ ಗಿಡ್ಡ ಕತ್ತರಿಸುವ ಅಭ್ಯಾಸ ಕೆಲವು ಕಡೆ ಇದೆ. ನನಗೆ ಅದನ್ನು ಕಂಡರೆ ಆಗುವುದಿಲ್ಲ.

ಹಾಗಾದರೆ ಮಾತ್ರೆ? ಒಪ್ಪಿಗೆ ಕೊಡಬೇಡಿ, ಕನಿಷ್ಠ ಈಗಲೇ ಬೇಡ. ಯಾವ ಮಾತ್ರೆ, ಯಾವ ಡಾಕ್ಟರ್ ಬರೆದದ್ದು, ಯಾಕೆ ಎಂದು ಬರಹದಲ್ಲಿ ಕೇಳಿ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೊಡುವುದು ನಿದ್ದೆಯ ಮಾತ್ರೆ ಇಲ್ಲವೇ ಮಾನಸಿಕ ಕಾಯಿಲೆಗೆ ಕೊಡುವ ಆಂಟಿಸೈಕಾಟಿಕ್. ಎರಡನೆಯ ಬಗೆಯವು ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಕರು 2005ರಲ್ಲೇ ಎಚ್ಚರಿಕೆ ಕೊಟ್ಟಿದ್ದಾರೆ. ಮಂಪರಿನಲ್ಲಿರುವವರನ್ನು ಒದ್ದೆ ನೆಲದ ಮೇಲೆ ನಡೆಸಿದರೆ ಸೊಂಟ ಮುರಿಯುವ ಅಪಾಯ ಬೇರೆ. ನಿಜಕ್ಕೂ ಅಗತ್ಯ ಬೀಳುವ ರೋಗಿಗಳು ಇಲ್ಲವೆಂದಲ್ಲ. ಆದರೆ ಅದು ಡಾಕ್ಟರ್ ನೋಡಿ, ಬೇರೆಲ್ಲ ಮಾಡಿ ಮುಗಿದ ಮೇಲಿನ ಮಾತು. ಸ್ನಾನ ಬೇಗ ಮುಗಿಯಲಿ ಎಂದು ಕೊಡುವಂಥದ್ದಲ್ಲ.

ಅದರ ಬದಲು ನೋವಿನ ಬಗ್ಗೆ ಡಾಕ್ಟರನ್ನು ಕೇಳಿ. ನಿಮ್ಮ ಅಮ್ಮನಿಗೆ ಮೊಣಕಾಲು ನೋವಿದೆ. ಅದನ್ನು ಬಾಯಿಬಿಟ್ಟು ಹೇಳಲು ಅವರಿಗೆ ಈಗ ಆಗುತ್ತಿಲ್ಲದೇ ಇರಬಹುದು, ಹಾಗಾಗಿ ಬೊಬ್ಬೆಯಾಗಿ ಹೊರಬರುತ್ತದೆ. ಸ್ನಾನಕ್ಕೆ ಮುಕ್ಕಾಲು ಗಂಟೆ ಮೊದಲು ಪ್ಯಾರಾಸಿಟಮಾಲ್ ಕೊಡಬಹುದೇ ಎಂದು ಅವರ ಡಾಕ್ಟರ್ ಹೇಳಲಿ. ಕೈ ಎತ್ತಿಸುವಾಗ ಚೀರಿದರೆ ಭುಜ ನೋಡಬೇಕು. ಮೊದಲು ಸುಮ್ಮನಿದ್ದವರು ಒಂದೆರಡು ದಿನದಲ್ಲಿ ದಿಢೀರನೆ ಬದಲಾದರೆ ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆಯ ಏರುಪೇರು ಇವನ್ನು ಪರೀಕ್ಷಿಸಬೇಕು.

ಇನ್ನು ಮಾಡಬಹುದಾದದ್ದು. ಎಲ್ಲಕ್ಕಿಂತ ಮೊದಲು ಹೊತ್ತು ಬದಲಿಸಿ. ನಿಮ್ಮ ಅಮ್ಮ ಸಂಜೆ ಮೀಯುತ್ತಿದ್ದವರು. ತೋಟ, ಗದ್ದೆ, ಬೀಡಿ ಎಂದು ದುಡಿದ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಸ್ನಾನವೆಂದರೆ ದಿನದ ಕೆಲಸ ಮುಗಿದ ಗುರುತು. ಊರಿನ ಹೆಸರು ಮರೆತವರಲ್ಲೂ ಈ ಅಭ್ಯಾಸ ಉಳಿದಿರುತ್ತದೆ. ಕೇಂದ್ರಗಳಲ್ಲಿ ಬೆಳಗ್ಗೆ ಆರಕ್ಕೆ ಮಾಡಿಸುವುದು ರಾತ್ರಿ ಪಾಳಿಯವರು ಹೋಗುವ ಮೊದಲು ಕೆಲಸ ಮುಗಿಯಲಿ ಎಂದು. ಅವರ ಕಷ್ಟವೂ ಸುಳ್ಳಲ್ಲ, ಇಬ್ಬರು ಆಯಾಗಳು ಹದಿನೈದು ಮಂದಿಯನ್ನು ನೋಡುವ ಕಡೆ ನಾನೂ ಇದ್ದೆ. ಆದರೂ ಒಬ್ಬರನ್ನು ಸಂಜೆ ನಾಲ್ಕೂವರೆಗೆ ಸರಿಸುವುದು ಆಗದ ಕೆಲಸವಲ್ಲ. ಸಂಜೆಯಾದಂತೆ ಕೆಲವರಿಗೆ ಗಲಿಬಿಲಿ ಹೆಚ್ಚುತ್ತದೆ, ಹಾಗಾಗಿ ಕತ್ತಲಾಗುವ ಮೊದಲೇ ಮುಗಿಯಲಿ. ಎರಡು ವಾರ ನೋಡಿ, ಒಗ್ಗದಿದ್ದರೆ ಬೆಳಗ್ಗೆ ಹತ್ತೂವರೆ ಪ್ರಯತ್ನಿಸಿ.

ಉಂಡ ತಕ್ಷಣ ಸ್ನಾನ ಬೇಡ ಎಂದು ಹಿರಿಯರು ಹೇಳುವ ಮಾತಿಗೆ ಇಲ್ಲಿ ಅರ್ಥವಿದೆ. ವಯಸ್ಸಾದವರಲ್ಲಿ ಊಟದ ನಂತರ ರಕ್ತದೊತ್ತಡ ಇಳಿಯುವುದುಂಟು, ಬಿಸಿನೀರು ಅದನ್ನು ಇನ್ನೂ ಇಳಿಸುತ್ತದೆ, ಎದ್ದು ನಿಂತರೆ ತಲೆಸುತ್ತು. ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜಾಸ್ತಿ. ಒಂದೆರಡು ಗಂಟೆ ಬಿಡಿ. ಸಕ್ಕರೆ ಕಾಯಿಲೆಯವರಿಗೆ ಪೂರ್ತಿ ಖಾಲಿ ಹೊಟ್ಟೆಯೂ ಬೇಡ.

ಶವರ್ ಬಿಟ್ಟುಬಿಡಿ. ಬಾಲ್ದಿ, ಚೊಂಬು ಅವರಿಗೆ ಗೊತ್ತಿರುವ ವಸ್ತುಗಳು. ಕೈಗೆ ಚೊಂಬು ಕೊಟ್ಟರೆ ಎಷ್ಟೋ ಮಂದಿ ತಾವೇ ನೀರು ಹಾಕಿಕೊಳ್ಳಲು ಶುರುಮಾಡುತ್ತಾರೆ. ಹಿಡಿ ಇರುವ ಗಟ್ಟಿ ಪ್ಲಾಸ್ಟಿಕ್ ಕುರ್ಚಿ, ಅದರ ಕಾಲಿಗೆ ರಬ್ಬರ್, ಕೆಳಗೆ ಜಾರದ ಮ್ಯಾಟ್, ಗೋಡೆಗೆ ಹಿಡಿಕೆ ಇರಬೇಕು. ಮೊದಲು ಪಾದಕ್ಕೆ ನೀರು, ಆಮೇಲೆ ಕಾಲು, ಕೈ, ಬೆನ್ನು. ತಲೆಗೆ ಕೊನೆಯಲ್ಲಿ, ಇಲ್ಲವೇ ಬೇರೆ ದಿನವೇ. ಫ್ಯಾನ್ ಆಫ್ ಮಾಡಿ, ಕನ್ನಡಿಗೆ ಬಟ್ಟೆ ಹಾಕಿ. ನೀರು 37ರಿಂದ 40 ಡಿಗ್ರಿ ಸಾಕು. ಸಕ್ಕರೆ ಕಾಯಿಲೆಯಲ್ಲಿ ಪಾದಕ್ಕೆ ಬಿಸಿ ಗೊತ್ತಾಗದೇ ಇರಬಹುದು, ಆದ್ದರಿಂದ ಅವರನ್ನು "ಬಿಸಿಯಾ?" ಎಂದು ಕೇಳಿದರೆ ಸಾಲದು, ಮಾಡಿಸುವವರು ತಮ್ಮ ಮಣಿಕಟ್ಟಿನ ಒಳಬದಿಗೆ ಹಾಕಿ ನೋಡಬೇಕು. 60 ಡಿಗ್ರಿಯ ನೀರು ಆಳವಾಗಿ ಸುಡಲು 5 ಸೆಕೆಂಡು ಸಾಕು. ಗೀಸರ್ ನೀರನ್ನು ನೇರ ಮೈಮೇಲೆ ಬಿಡುವುದು ಬೇಡವೇ ಬೇಡ, ತಣ್ಣೀರು ಮೊದಲು, ಬಿಸಿ ಆಮೇಲೆ ಬೆರೆಸಬೇಕು.

ಭಾಷೆ ಇನ್ನೊಂದು. ಇಲ್ಲಿನ ಕೇಂದ್ರಗಳಲ್ಲಿ ಕೆಲಸಕ್ಕೆ ಬರುವ ಹುಡುಗಿಯರಲ್ಲಿ ಹೊರಗಿನವರು ಬಹಳ. ತುಳು ಬರುವುದಿಲ್ಲ. ಮರೆವು ಹೆಚ್ಚಾದಂತೆ ಆಮೇಲೆ ಕಲಿತ ಭಾಷೆ ಎಷ್ಟೋ ಸಲ ಮೊದಲು ಹೋಗುತ್ತದೆ, ನಿಮ್ಮ ಅಮ್ಮನಿಗೆ ಕನ್ನಡವೂ ದೂರವಾಗುತ್ತಿರಬಹುದು. "ಬಲೆ ಅಮ್ಮ, ಮೀಯೆರೆ ಪೋಯಿ", "ಬೇನೆ ಆಪುಂಡಾ?" (ಬನ್ನಿ ಅಮ್ಮ, ಮೀಯಲು ಹೋಗೋಣ; ನೋವಾಗುತ್ತದಾ?) ಇಷ್ಟನ್ನು ದೊಡ್ಡ ಅಕ್ಷರದಲ್ಲಿ, ಆ ಹುಡುಗಿಗೆ ಓದಲು ಬರುವ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ಸಾಧ್ಯವಾದರೆ ದಿನಾ ಒಬ್ಬರೇ ಮಾಡಿಸಲಿ.

ಇಷ್ಟೆಲ್ಲ ಮಾಡಿಯೂ ಬಚ್ಚಲು ಕಂಡರೆ ಹೆದರುತ್ತಾರೆ ಎಂದಾದರೆ ಹಾಸಿಗೆಯಲ್ಲೇ ಟವೆಲ್ ಸ್ನಾನ ಮಾಡಿಸಬಹುದು. ಇದನ್ನು ಜನ ತಾತ್ಸಾರ ಮಾಡುತ್ತಾರೆ, "ಬರೀ ಒರೆಸುವುದು" ಅನ್ನುತ್ತಾರೆ. ಸರಿಯಾಗಿ ಮಾಡಿದರೆ ಅದು ಪೂರ್ಣ ಸ್ನಾನವೇ. ಅಮೆರಿಕದ 15 ನರ್ಸಿಂಗ್ ಹೋಮ್‌ಗಳಲ್ಲಿ ಡಿಮೆನ್ಷಿಯಾ ಇದ್ದ 73 ಮಂದಿಯ ಮೇಲೆ ನಡೆದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ವ್ಯಕ್ತಿಯ ಇಷ್ಟಕ್ಕೆ ತಕ್ಕಂತೆ ಮಾಡಿಸಿದ ಶವರ್ ಸ್ನಾನ, ಟವೆಲ್ ಸ್ನಾನ ಎರಡರಲ್ಲೂ ಹೊಡೆದಾಟ, ಬೈಗುಳ ಮೊದಲಿದ್ದುದರ ಅರ್ಧಕ್ಕಿಂತಲೂ ಕೆಳಗಿಳಿಯಿತು. ಟವೆಲ್ ಸ್ನಾನದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಅನುಕೂಲ ಕಂಡಿತು.

ಮಾಡುವ ಕ್ರಮ ಹೀಗೆ. ಅಡಿಗೆ ಒಣ ಬಟ್ಟೆ ಹಾಸಿ, ಮೈಗೆ ಚಾದರ ಹೊದಿಸಿ. ಬಾಲ್ದಿಯ ಬೆಚ್ಚಗಿನ ನೀರಿಗೆ ಸೌಮ್ಯವಾದ ದ್ರವ ಸಾಬೂನು ಒಂದೆರಡು ಚಮಚ. ದೊಡ್ಡ ಟವೆಲನ್ನು ಅದರಲ್ಲಿ ಅದ್ದಿ ಹಿಂಡಿ, ಚಾದರ ಸರಿಸುತ್ತಾ ಅದನ್ನು ಮೈಮೇಲೆ ಹರಡಿ. ಮೈ ಎಲ್ಲೂ ತೆರೆದುಕೊಳ್ಳಬಾರದು. ಟವೆಲಿನ ಮೇಲಿನಿಂದಲೇ ಕೈ, ಎದೆ, ಹೊಟ್ಟೆ, ಕಾಲು ಎಂದು ಮೆಲ್ಲಗೆ ತಿಕ್ಕಿ. ಮತ್ತೊಂದು ಟವೆಲನ್ನು ಬರೀ ಬಿಸಿನೀರಿನಲ್ಲಿ ಅದ್ದಿ ಸಾಬೂನು ತೆಗೆಯಿರಿ, ಆಮೇಲೆ ಒಣ ಬೈರಾಸಿನಿಂದ ಒತ್ತಿ ಒರೆಸಿ. ಮಗ್ಗುಲು ತಿರುಗಿಸಿ ಬೆನ್ನಿಗೂ ಹೀಗೆಯೇ. ಗುಪ್ತಾಂಗಕ್ಕೆ ಬೇರೆ ಬಟ್ಟೆ, ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಟವೆಲ್ ತಣ್ಣಗಾಗುವ ಮೊದಲು ಮುಗಿಸಬೇಕು, ಇಲ್ಲವಾದರೆ ನಡುಗುತ್ತಾರೆ. ಇದರ ಅಪಾಯವೆಂದರೆ ಅವಸರ. ಎಲ್ಲರಿಗೂ ಒಂದೇ ಬಾಲ್ದಿ, ಒಂದೇ ಬಟ್ಟೆ ಎಂದಾದರೆ ಸೋಂಕು ಒಬ್ಬರಿಂದ ಒಬ್ಬರಿಗೆ ಹೋಗುತ್ತದೆ. ಇದನ್ನು ಕಣ್ಣಾರೆ ನೋಡಿಯೇ ಒಪ್ಪಿ. ನೀರೂ ಬಹಳ ಬೇಡ, ಬೇಸಗೆಯ ಟ್ಯಾಂಕರ್ ದಿನಗಳಿಗೂ ಇದು ಆಗುತ್ತದೆ.

ತಂಗಿಯ ಮಾತಿಗೆ ಬರುತ್ತೇನೆ. ಡೆಟಾಲ್ ಬೇಡ. ಒಣಗಿ ಬಿರಿದ ಚರ್ಮಕ್ಕೆ ಆಂಟಿಸೆಪ್ಟಿಕ್ ದ್ರವ ಉರಿ ತರುತ್ತದೆ, ಒಣಗುವಿಕೆ ಹೆಚ್ಚಿಸುತ್ತದೆ. ವಾಸನೆ ಚೆನ್ನಾಗಿದ್ದರೆ ಸ್ವಚ್ಛ ಎಂಬ ಭಾವನೆ ನಮಗಿದೆ, ಅಷ್ಟೇ. ಎಣ್ಣೆಸ್ನಾನದ ಆಸೆ ನನಗೆ ಅರ್ಥವಾಗುತ್ತದೆ. ನರಕ ಚತುರ್ದಶಿಯ ಎಣ್ಣೆ, ದಾಸವಾಳ ಎಲೆಯ ಗೊಂಪು (ತಲೆಗೆ ಹಚ್ಚುವ ಲೋಳೆ) ಇಲ್ಲದ ಬಾಲ್ಯ ನಮ್ಮಲ್ಲಿ ಯಾರಿಗಿದೆ? ಆದರೆ ಮೈಗೆಲ್ಲ ಎಣ್ಣೆ ಹಚ್ಚಿ ಟೈಲ್ಸ್ ಮೇಲೆ ನಡೆಸುವುದು, ಅದೂ 82ರಲ್ಲಿ, ಬೇಡ. ಹಾಸಿಗೆಯಲ್ಲಿ ಕೂರಿಸಿ ತಲೆಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಅವರಿಗೂ ಹಿತ. ಮೈಗೆ ಸ್ನಾನವಾದ ಮೇಲೆ, ಚರ್ಮ ಇನ್ನೂ ಸ್ವಲ್ಪ ತೇವವಿರುವಾಗಲೇ, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಪೆಟ್ರೋಲಿಯಂ ಜೆಲ್ಲಿ ಇಲ್ಲವೇ ತೆಳ್ಳಗೆ ತೆಂಗಿನೆಣ್ಣೆ. ಜಾರುವುದರಿಂದ ನಡೆಯುವ ಮೊದಲು ಪಾದದಡಿಗೆ ಬೇಡ, ಬೆರಳಿನ ಸಂದಿಗೆ, ಮಡಿಕೆಗಳಿಗೆ ಹಚ್ಚಲೇಬಾರದು. ಸಾಬೂನನ್ನು ಕಂಕುಳು, ತೊಡೆಸಂದು, ಪಾದಕ್ಕೆ ಮಾತ್ರ ಇಟ್ಟು, ಕೈಕಾಲು ಬೆನ್ನಿಗೆ ಬರೀ ನೀರು ಹಾಕಿ. ಎರಡು ಮೂರು ವಾರದಲ್ಲಿ ತುರಿಕೆ ತಗ್ಗದಿದ್ದರೆ, ಅಥವಾ ರಾತ್ರಿ ಜಾಸ್ತಿಯಾದರೆ, ಕೇಂದ್ರದಲ್ಲಿ ಬೇರೆಯವರಿಗೂ ಇದ್ದರೆ, ಕಜ್ಜಿ ಇರಬಹುದು, ಡಾಕ್ಟರ್ ನೋಡಲಿ.

ಚಿಕ್ಕಮ್ಮನಿಗೆ ಹೇಳಿ: ಶೀತ ಬರುವುದು ವೈರಸ್ಸಿನಿಂದ, ತಲೆಗೆ ಹಾಕಿದ ನೀರಿನಿಂದಲ್ಲ. ಒದ್ದೆ ಕೂದಲಲ್ಲಿ ಫ್ಯಾನಿನಡಿ ಕೂರಿಸಿ ನಡುಗಿಸಬಾರದು, ಅಷ್ಟು ನಿಜ. ಜ್ವರ, ತುಂಬಾ ಸುಸ್ತು ಇದ್ದ ದಿನ ಒರೆಸಿದರೆ ಸಾಕು.

ಮುಂದಿನ ಸಲ ಭೇಟಿಗೆ ಹೋದಾಗ ಸ್ನಾನದ ರಿಜಿಸ್ಟರ್ ನೋಡುತ್ತಾ ಕೂರಬೇಡಿ, ಅದರಲ್ಲಿ ಟಿಕ್ ಹಾಕುವುದು ಸುಲಭ. ಅಮ್ಮನನ್ನೇ ನೋಡಿ. ಕಿವಿಯ ಹಿಂದೆ, ಎದೆಯ ಕೆಳಗೆ, ಬೆರಳಿನ ಸಂದಿ, ಉಗುರು. ಬೆನ್ನಿನ ಕೆಳತುದಿ, ಸೊಂಟದ ಎರಡೂ ಬದಿ, ಹಿಮ್ಮಡಿ. ಅಲ್ಲಿ ಕೆಂಪು ಅಥವಾ ಕಪ್ಪಾದ ಕಲೆ ಇದ್ದು, ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಅದು ಬೆಡ್‌ಸೋರಿನ (ಒಂದೇ ಕಡೆ ಭಾರ ಬಿದ್ದು ಆಗುವ ಹುಣ್ಣಿನ) ಮೊದಲ ಹಂತ. ತಿಕ್ಕಿ ಮಾಲೀಶು ಮಾಡಬಾರದು, ಒಳಗಿನ ಮಾಂಸಕ್ಕೆ ಪೆಟ್ಟಾಗುತ್ತದೆ. ಆ ಜಾಗದ ಮೇಲೆ ಭಾರ ಬೀಳದಂತೆ ಮಗ್ಗುಲು ಬದಲಿಸುತ್ತಿರಬೇಕು, ಅದೇ ದಿನ ನರ್ಸ್ ಅಥವಾ ಡಾಕ್ಟರ್ ನೋಡಬೇಕು. ಡಯಾಪರ್ ಹಾಕುತ್ತಿದ್ದರೆ ಒದ್ದೆಯಾದ ಕೂಡಲೇ ಬದಲಿಸಿ, ತೊಳೆದು, ಜಿಂಕ್ ಇರುವ ಮುಲಾಮು ಹಚ್ಚುತ್ತಾರೆಯೇ ಕೇಳಿ. ಒಂದು ಸ್ನಾನ ನಿಮ್ಮ ಎದುರೇ ಆಗಲಿ, ನೀವೂ ಕೈಜೋಡಿಸಿ. ಒಂದು ಹಾಳೆಯಲ್ಲಿ ಅವರ ಅಭ್ಯಾಸ ಬರೆದುಕೊಡಿ: ಸಂಜೆಯ ಹೊತ್ತು, ಚೊಂಬು, ಲಂಗ, ನೀರಿನ ಬಿಸಿ, ಕರೆಯುವ ಹೆಸರು. ಒಳ್ಳೆಯ ಕೇಂದ್ರದವರು ಇದನ್ನು ಖುಷಿಯಿಂದ ತೆಗೆದುಕೊಳ್ಳುತ್ತಾರೆ.

ಮನೆಗೆ ಕರೆತರುವುದು ಈ ಒಂದು ಕಾರಣಕ್ಕೆ ಬೇಡ. ಇಬ್ಬರೂ ಹೊರಗಿದ್ದು, ಮನೆಯಲ್ಲಿ ಒಬ್ಬಳೇ ಹೋಮ್ ನರ್ಸ್ ಇದ್ದರೆ ಅಲ್ಲಿಯೂ ಇದೇ ಪ್ರಶ್ನೆ ಬರುತ್ತದೆ, ಎತ್ತಿ ಕೂರಿಸಲು ಎರಡನೆಯವರಿಲ್ಲ, ನೋಡುವ ಕಣ್ಣೂ ಕಡಿಮೆ. ಕೇಂದ್ರದಲ್ಲಿಯೇ ಸ್ನಾನಕ್ಕೆಂದು ಹೊರಗಿನಿಂದ ಪರಿಚಯದ ಒಬ್ಬರನ್ನು ವಾರಕ್ಕೆ ಮೂರು ಸಂಜೆ ಕರೆಸಲು ಬಿಡುತ್ತಾರೆಯೇ ಕೇಳಿ ನೋಡಿ, ಕೆಲವರು ಒಪ್ಪುತ್ತಾರೆ.

ಬದಲಿಸಬೇಕಾದ ಸಂದರ್ಭಗಳೂ ಇವೆ. ಕೈ ಕಟ್ಟಿ ಸ್ನಾನ ಮಾಡಿಸಿದರೆ, ತೋಳಿನ ಮೇಲೆ ಬೆರಳಚ್ಚಿನಂಥ ಕಲೆ ಕಂಡರೆ, ನಿಮಗೆ ಹೇಳದೆ ಮಾತ್ರೆ ಶುರುಮಾಡಿದರೆ, ಸ್ನಾನದ ಹೊತ್ತಿಗೆ ನೀವು ಇರುವುದನ್ನೇ ಬೇಡ ಅಂದರೆ, ಅಲ್ಲಿ ಮಾತುಕತೆ ಮುಗಿಯಿತು. ದಿನಾಂಕ ಹಾಕಿ ಫೋಟೊ ತೆಗೆದಿಡಿ, ಬೇರೆ ಡಾಕ್ಟರಿಗೆ ತೋರಿಸಿ. ಹಿರಿಯರಿಗಾಗಿ ಇರುವ ಉಚಿತ ಸಹಾಯವಾಣಿ 14567, ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ. ಮಕ್ಕಳು ಕೂಡ ಅಲ್ಲಿಗೆ ಕರೆ ಮಾಡಬಹುದು.